ಬಣ್ಣ ಆಮೇಲೆ, ಮೊದಲು ಬ್ರೇಕು: ಹಳೆ ಫರ್ಗೂಸನ್ ಎಬ್ಬಿಸಿದ ನಮ್ಮ ಅನುಭವ

ಹಳೆ ಟ್ರ್ಯಾಕ್ಟರ್ ಮನೆಗೆ ಬಂದ ಕೂಡಲೇ ಎಲ್ಲರೂ ಕೇಳೋದು ಬಣ್ಣದ ಬಗ್ಗೆ. ನಮಗೆ ಅದು ಮೆರೆಸೋಕೆ ಬೇಕಿರಲಿಲ್ಲ. ಹುಲ್ಲು ಹೊಡೆಯೋಕೆ, ಮಣ್ಣು ಸಾಗಿಸೋಕೆ, ಒಂದಿಷ್ಟು ಉಳುಮೆಗೆ ಬೇಕಿತ್ತು. ಹಾಗಾಗಿ ನಿಲ್ಲೋದು ಮೊದಲು, ಎತ್ತೋದು ಆಮೇಲೆ, ಹೊಳೆಯೋದು ಕೊನೆಗೆ ಅಂತ ಸರದಿ ಹಾಕಿಕೊಂಡೆವು.

ಗಾಡಿ ಫರ್ಗೂಸನ್ ಟಿಇಎ 20, ಪೆಟ್ರೋಲ್ ಎಂಜಿನ್. ಎಂಜಿನಿಯರ್ ಹ್ಯಾರಿ ಫರ್ಗೂಸನ್ ಅವರ ಈ ಟಿಇ 20 ಸರಣಿ 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಅಷ್ಟೊಂದು ಇರೋದರಿಂದಲೇ ಗ್ಯಾಸ್ಕೆಟ್, ಸೀಲು, ಬ್ರೇಕ್ ಶೂ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಹಳೆ ಗಾಡಿ ಕೊಳ್ಳುವವರು ತಗಡಿನ ತುಕ್ಕಿಗಿಂತ ಮೊದಲು ವಿಚಾರಿಸಬೇಕಾದ್ದು ಬಿಡಿಭಾಗವನ್ನು.

ವರ್ಷಗಟ್ಟಲೆ ನಿಂತಿದ್ದ ಎಂಜಿನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ ತೆಗೆದು, ಎಟಿಎಫ್ ಆಯಿಲಿಗೆ (ಆಟೋಮ್ಯಾಟಿಕ್ ಗೇರಿನ ತೆಳು ಎಣ್ಣೆ) ಡೀಸೆಲ್ ಬೆರೆಸಿ ಸಿಲಿಂಡರುಗಳಿಗೆ ಹುಯ್ದು ಬಿಟ್ಟೆವು. ಅಪ್ಪ ಬೆಳಿಗ್ಗೆ ಸಂಜೆ ಹೋಗಿ ಮುಂದಿನ ಹ್ಯಾಂಡಲನ್ನು ಮೆಲ್ಲಗೆ ಆ ಕಡೆ ಈ ಕಡೆ ಒತ್ತಿ ನೋಡಿ ಬರುತ್ತಿದ್ದರು. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಬಿಡೋಣ ಅಂದೆ. "ಪಿಸ್ಟನ್ ರಿಂಗು ಮುರೀತದೆ, ಸುಮ್ನಿರು" ಅಂದರು. ಕೊನೆಗೆ ತಾನಾಗೇ ಬಿಟ್ಟುಕೊಂಡಿತು. ಬಿಡದಿದ್ದರೂ ದಾರಿ ಇತ್ತು: ಇದು ವೆಟ್ ಲೈನರ್ ಎಂಜಿನ್, ಪಿಸ್ಟನ್ ಆಡುವ ಕೊಳವೆಗಳಾದ ಲೈನರುಗಳನ್ನೇ ಹೊರಗೆ ತೆಗೆದು ಬದಲಾಯಿಸಬಹುದು. ಕಿಡಿ ಹುಟ್ಟಿಸುವ ಪಾಯಿಂಟು, ಕಂಡೆನ್ಸರು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಕಥೆ ಯಾವ ಹಳೆ ಪೆಟ್ರೋಲ್ ಗಾಡಿಯಲ್ಲೂ ಒಂದೇ.

ಟ್ಯಾಂಕಿನ ಒಳಗಿನ ತುಕ್ಕು ಮಗಳ ಪಾಲಿಗೆ ಬಂತು. ಮೊದಲು ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಪೆಟ್ರೋಲಿನ ಆವಿ ಪೂರ್ತಿ ಹೋಗುವಂತೆ ಮಾಡಿದೆವು. ಇದರಲ್ಲಿ ರಾಜಿ ಇಲ್ಲ. ಆಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿಸಿ, ಟ್ಯಾಂಕಿಗೆ ತಾಗದ ಹಾಗೆ ಒಂದು ಕಬ್ಬಿಣದ ಸರಳು ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ ಕೊಟ್ಟೆವು; ಕರೆಂಟು ಹರಿದಂತೆ ತುಕ್ಕು ಸಡಿಲವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಬರೋದರಿಂದ ಕೆಲಸ ಬಯಲಲ್ಲೇ ಆಗಬೇಕು. ನೊರೆ ಏಳೋದನ್ನು ನೋಡಿ "ಪುಸ್ತಕದಲ್ಲಿ ಇದನ್ನ ಯಾಕಪ್ಪಾ ಹೀಗೆ ಹೇಳಲ್ಲ?" ಅಂತ ಕೇಳಿದಳು.

ಹೆಚ್ಚು ಕಾಡಿದ್ದು ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನೇಗಿಲು ಎತ್ತುವ ಲಿಫ್ಟಿನ ವ್ಯವಸ್ಥೆ. ಈ ಗಾಡಿಯಲ್ಲಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಲಿಫ್ಟ್ ಮೂರಕ್ಕೂ ಒಂದೇ ಎಣ್ಣೆ. ಗೇರ್ ಲಿವರಿನ ರಬ್ಬರು ಬಿರಿದರೆ ಮಳೆ ನೀರು ನೇರ ಒಳಗೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಮೊದಲು ಬರೀ ನೀರು, ಆಮೇಲೆ ಮಜ್ಜಿಗೆಯಂಥ ಎಣ್ಣೆ, ಕೊನೆಗೆ ಕರಿ ರಾಡಿ. ತೊಳೆದು ಹೊಸ ಎಣ್ಣೆ ಹಾಕಿದರೂ ಲಿಫ್ಟ್ ಅಲುಗಲಿಲ್ಲ. ಪಂಪ್ ಹೋಗಿದೆ, ಗಾಡಿಯನ್ನು ನಡುವೆ ಬಿಚ್ಚಿ ಎರಡು ತುಂಡು ಮಾಡಬೇಕು ಅಂತ ನೋಡಿದವರೆಲ್ಲ ಹೇಳಿದರು. ಬಲಗಡೆಯ ಕವರ್ ತೆಗೆದು ಟಾರ್ಚ್ ಬಿಟ್ಟರೆ ಎಣ್ಣೆಯ ಹರಿವು ನಿಯಂತ್ರಿಸುವ ಕಂಟ್ರೋಲ್ ವಾಲ್ವ್ ಕಚ್ಚಿಕೊಂಡು ಕೂತಿತ್ತು, ಅಷ್ಟೇ. ಎಣ್ಣೆ ಬಿಟ್ಟು, ಹೆಂಡತಿ ಸೀಟಿನ ಪಕ್ಕದ ಲಿವರ್ ಆಡಿಸುತ್ತಾ, ನಾನು ಒಳಗೆ ಬೆರಳಿಂದ ಒತ್ತುತ್ತಾ ಬಿಡಿಸಿಕೊಂಡೆವು. ಇದನ್ನು ಎಂಜಿನ್ ಆಫ್ ಮಾಡಿ, ಲಿಫ್ಟಿನ ಮೇಲೆ ಭಾರವಿಲ್ಲದಾಗ ಮಾತ್ರ ಮಾಡಬೇಕು. ಬ್ರೇಕ್ ಹಿಡಿಯದೆ ಇದ್ದದ್ದೂ ಎಣ್ಣೆಯಿಂದಲೇ: ಆಕ್ಸಲ್ ಸೀಲು ಸೋರಿ ಶೂ ನೆಂದಿತ್ತು. ಸೀಲು ಹಾಕದೆ ಶೂ ಬದಲಾಯಿಸಿದರೆ ದುಡ್ಡು ದಂಡ.

ಸ್ಟಾರ್ಟರ್ ಬಟನ್ ಎಲ್ಲಿ ಅಂತ ಹೊಸಬರು ಹುಡುಕುತ್ತಾರೆ. ಅದು ಗೇರ್ ಲಿವರಿನಲ್ಲೇ ಇದೆ; ಎಸ್ ಅಂತ ಗುರುತಿರುವ ಜಾಗಕ್ಕೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ಅಂದರೆ ಗೇರಿನಲ್ಲಿ ಇಟ್ಟು ಸ್ಟಾರ್ಟ್ ಮಾಡೋಕೆ ಆಗೋದೇ ಇಲ್ಲ. ಇಷ್ಟು ಸರಳವಾದ ಸುರಕ್ಷತೆ ಈಗಿನ ಗಾಡಿಗಳ ವೈರಿನ ಜಾಲದಲ್ಲೂ ನನಗೆ ಕಂಡಿಲ್ಲ.

ಆದರೆ ಉಳಿದ ವಿಷಯದಲ್ಲಿ ಅದು ಅವತ್ತಿನ ಗಾಡಿಯೇ. ಕ್ಲಚ್ ಒತ್ತಿದರೆ ಪಿಟಿಒ (ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟು) ನಿಲ್ಲುತ್ತದೆ, ಪಂಪೂ ಅದೇ ಶಾಫ್ಟಿನ ಮೇಲಿರೋದರಿಂದ ಲಿಫ್ಟೂ ಏಳೋದಿಲ್ಲ. ಹುಲ್ಲು ಹೊಡೆಯುವಾಗ ಇನ್ನೂ ಅಪಾಯ: ತಿರುಗುತ್ತಿರುವ ಬ್ಲೇಡಿನ ರಭಸ ಪಿಟಿಒ ಮೂಲಕ ಹಿಂದಕ್ಕೆ ಬಂದು, ಕ್ಲಚ್ ಒತ್ತಿದ್ದರೂ ಗಾಡಿಯನ್ನು ಮುಂದೆ ನೂಕುತ್ತದೆ. ಬೇಲಿ ಹತ್ತಿರ ಇದ್ದರೆ ಬೇಲಿಗೇ. ಈ ರಭಸ ಗಾಡಿಗೆ ದಾಟದಂತೆ ತಡೆಯುವ ಓವರ್‌ರನ್ ಕ್ಲಚ್ ಅನ್ನೋ ಸಣ್ಣ ಭಾಗವನ್ನು ಪಿಟಿಒ ಶಾಫ್ಟಿಗೆ ಹಾಕಿದ ಮೇಲೇ ನಾವು ಬ್ಲೇಡ್ ಕಟ್ಟಿದ್ದು. ಎಳೆಯುವ ಭಾರವನ್ನು ಯಾವತ್ತೂ ಟಾಪ್ ಲಿಂಕಿಗೆ (ನೇಗಿಲಿನಂಥ ಸಲಕರಣೆಯನ್ನು ಮೇಲುಗಡೆ ಹಿಡಿಯುವ ಸರಳು) ಕಟ್ಟಬಾರದು, ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸೋದು ನಮ್ಮಲ್ಲಿ ಇಲ್ಲ. ಮಗ ಮುಖ ಊದಿಸಿಕೊಂಡರೂ ಇಲ್ಲ. ಒಂದು ಸೀಟು, ಒಬ್ಬರು.

ಉಳುಮೆಗೆ ಇಳಿದಾಗ ಮಾತ್ರ ಫರ್ಗೂಸನ್ ತಲೆಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ನೇಗಿಲು ಗಟ್ಟಿ ಮಣ್ಣಿಗೆ ತಾಗಿದಾಗ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ, ಅದರ ಸ್ಪ್ರಿಂಗ್ ವಾಲ್ವಿಗೆ ಸೂಚನೆ ಕೊಡುತ್ತದೆ, ನೇಗಿಲು ತಾನೇ ಒಂದು ಚೂರು ಏಳುತ್ತದೆ. ಜೊತೆಗೆ ಅದರ ಭಾರ ಹಿಂದಿನ ಚಕ್ರದ ಮೇಲೆ ಬಿದ್ದು ಹಿಡಿತ ಬಿಗಿಯಾಗುತ್ತದೆ. ಇಷ್ಟು ಹಗುರ ಗಾಡಿ ಚಕ್ರ ಜಾರದೆ ಎಳೆಯೋದು ಇದರಿಂದಲೇ.

ಬಣ್ಣ ಇನ್ನೂ ಹೊಡೆದಿಲ್ಲ. ಬೂದು ಬಣ್ಣದ ಡಬ್ಬಿ ಶೆಡ್ಡಿನಲ್ಲಿದೆ, ಆದರೆ ಹಿಂದಿನ ಟೈರುಗಳು ಬಿರುಕು ಬಿಟ್ಟಿರೋದರಿಂದ ದುಡ್ಡು ಮೊದಲು ಅಲ್ಲಿಗೆ.