ಹಿತ್ತಲಿನ ಗ್ಯಾಸ್ ಗ್ರಿಲ್: ಒಲೆಯ ಅಭ್ಯಾಸ ಇಲ್ಲಿ ನಡೆಯದು

ಅಮೆರಿಕದಲ್ಲಿ ಮನೆ ಕೊಂಡ ಕನ್ನಡದ ಕುಟುಂಬಗಳು ಮೊದಲ ಬೇಸಿಗೆಯಲ್ಲೇ ಹಿತ್ತಲಿಗೆ ತಂದಿಡುವ ಸಾಮಾನುಗಳಲ್ಲಿ ಗ್ಯಾಸ್ ಗ್ರಿಲ್ ಒಂದು. ನೋಡಲು ನಮ್ಮ ಗ್ಯಾಸ್ ಒಲೆಯ ದೊಡ್ಡಣ್ಣನಂತಿದೆ: ಅದೇ ನಾಬ್, ಬರ್ನರ್, ಪೈಪು, ಸಿಲಿಂಡರ್. ಈ ಹೋಲಿಕೆಯೇ ದಾರಿ ತಪ್ಪಿಸುತ್ತದೆ. ಒಲೆಗೆ ಮುಚ್ಚಳವಿಲ್ಲ, ಅದರ ಉರಿಯ ಮೇಲೆ ಕೊಬ್ಬು ತೊಟ್ಟಿಕ್ಕುವುದೂ ಇಲ್ಲ. ಗ್ರಿಲ್‌ನಲ್ಲಿ ಎರಡೂ ಉಂಟು. ಅಪಘಾತವೂ ರುಚಿಯೂ ಬರುವುದು ಈ ಎರಡರಿಂದಲೇ.

ಇಡುವ ಜಾಗ

ಗೋಡೆ, ಮರದ ಬೇಲಿ, ಸೂರಿನಿಂದ 10 ಅಡಿ ದೂರವಿಡಿ ಎಂಬುದು ಅಲ್ಲಿನ ಅಗ್ನಿಶಾಮಕದವರ ಸಾಮಾನ್ಯ ಸಲಹೆ. ಅಷ್ಟು ಜಾಗವಿಲ್ಲದಿದ್ದರೆ ಗ್ರಿಲ್‌ನ ಕೈಪಿಡಿಯಲ್ಲಿ ಬರೆದ ಕನಿಷ್ಠ ಅಂತರಕ್ಕಿಂತ ಒಂದಂಗುಲವೂ ಹತ್ತಿರ ತರಬೇಡಿ. ಮನೆಯ ಹೊರಗೋಡೆಯ ವಿನೈಲ್ ಹೊದಿಕೆ ಬೆಂಕಿ ತಾಗದೆಯೂ ಬರೀ ಶಾಖಕ್ಕೆ ಮೇಣದಂತೆ ಜೋತುಬೀಳುತ್ತದೆ. ಮಳೆ ಬಂತೆಂದು ಗರಾಜಿನೊಳಗೆ ತಳ್ಳಿ, ಬಾಗಿಲು ತೆರೆದಿದೆಯಲ್ಲ ಎಂದು ಬೇಯಿಸುವವರಿದ್ದಾರೆ. ಉರಿಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತೆರೆದ ಬಾಗಿಲನ್ನು ನಂಬಬೇಡಿ. ಅಪಾರ್ಟ್‌ಮೆಂಟಿನವರು ಕೊಳ್ಳುವ ಮೊದಲೇ ಬಾಡಿಗೆ ಕರಾರು ಓದಿ. ಬಾಲ್ಕನಿಯಲ್ಲಿ ದೊಡ್ಡ ಟ್ಯಾಂಕಿನ ಗ್ರಿಲ್ ಇಡುವುದಕ್ಕೆ ಹಲವು ಊರುಗಳಲ್ಲಿ ನಿಷೇಧವಿದೆ.

ಟ್ಯಾಂಕ್ ಮತ್ತು ಸೋರಿಕೆ

ಮಾಮೂಲಿ ಟ್ಯಾಂಕಿನಲ್ಲಿ 20 ಪೌಂಡ್, ಅಂದರೆ ಸುಮಾರು 9 ಕೆಜಿ ಪ್ರೊಪೇನ್ ಹಿಡಿಯುತ್ತದೆ. ಖಾಲಿಯದ್ದು ಕೊಟ್ಟು ತುಂಬಿದ್ದು ತರುವ ಕಡೆ ಹೆಚ್ಚಾಗಿ 15 ಪೌಂಡಷ್ಟೇ ತುಂಬಿರುತ್ತಾರೆ, ಲೇಬಲ್ ಓದಿ. ಎಷ್ಟು ಉಳಿದಿದೆ ಎಂದು ತಿಳಿಯಲು ಬಚ್ಚಲುಮನೆಯ ತೂಕದ ಯಂತ್ರ ಸಾಕು. ಟ್ಯಾಂಕಿನ ಕೊರಳಪಟ್ಟಿಯ ಮೇಲೆ ‘ಟಿಡಬ್ಲ್ಯು’ ಅಕ್ಷರಗಳ ಮುಂದೆ ಒತ್ತಿರುವ ಅಂಕಿ ಖಾಲಿ ಟ್ಯಾಂಕಿನ ತೂಕ, ಸಾಮಾನ್ಯವಾಗಿ 17 ಪೌಂಡಿನ ಆಸುಪಾಸು. ಅದನ್ನು ಕಳೆದರೆ ಉಳಿದದ್ದು ಗ್ಯಾಸ್. ಗಂಟೆಗೆ 40,000 ಬಿಟಿಯು (ಶಾಖ ಅಳೆಯುವ ಮಾನ) ಉರಿಸುವ ಗ್ರಿಲ್‌ಗೆ ಪೂರ್ತಿ 20 ಪೌಂಡ್ ಇದ್ದರೆ, ಎಲ್ಲ ಬರ್ನರ್ ಜೋರಾಗಿ ಉರಿದರೂ ಹತ್ತು ಗಂಟೆ ಬರುತ್ತದೆ.

ಕಾರಿನಲ್ಲಿ ತರುವಾಗ ಟ್ಯಾಂಕ್ ನೆಟ್ಟಗೆ ನಿಂತಿರಲಿ, ಕಿಟಕಿ ತೆರೆದಿರಲಿ, ದಾರಿಯಲ್ಲಿ ಇನ್ನೊಂದು ಅಂಗಡಿಗೆ ಹೊಕ್ಕು ಬಿಸಿಲಿನಲ್ಲಿ ಬಿಟ್ಟುಹೋಗಬೇಡಿ. ಮನೆಯಲ್ಲಿ ಅದರ ಜಾಗ ಸದಾ ಹೊರಗೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೆ ಹಾರಿಹೋಗದೆ ಬೇಸ್‌ಮೆಂಟಿಗೋ ಗರಾಜಿನ ಮೂಲೆಗೋ ಇಳಿದು ಕೂರುತ್ತದೆ.

ಪೈಪಿನ ತುದಿಯ ದೊಡ್ಡ ಪ್ಲಾಸ್ಟಿಕ್ ನಟ್ಟನ್ನು ಬಲಕ್ಕೆ, ಬರೀ ಕೈಯಿಂದ ತಿರುಗಿಸಿ ಬಿಗಿ ಮಾಡಿ. ಸ್ಪ್ಯಾನರ್ ಬೇಡ, ಟೆಫ್ಲಾನ್ ಟೇಪೂ ಬೇಡ. ನಂತರ ಪಾತ್ರೆ ತೊಳೆಯುವ ಸೋಪು ಮತ್ತು ನೀರನ್ನು ಸಮ ಬೆರೆಸಿ, ಬರ್ನರ್‌ಗಳೆಲ್ಲ ಬಂದಾಗಿರುವಾಗ ಟ್ಯಾಂಕಿನ ವಾಲ್ವ್ ತೆರೆದು, ಪ್ರತಿ ಜೋಡಣೆಗೂ ಪೈಪಿನ ಉದ್ದಕ್ಕೂ ಬ್ರಶ್ಶಿನಿಂದ ಸವರಿ. ಗುಳ್ಳೆ ಉಬ್ಬುತ್ತ ಹೋದರೆ ಸೋರುತ್ತಿದೆ ಎಂದರ್ಥ. ವಾಲ್ವ್ ಮುಚ್ಚಿ, ಮತ್ತೆ ಬಿಗಿ ಮಾಡಿ, ಮತ್ತೆ ಸವರಿ. ನಿಲ್ಲದಿದ್ದರೆ ವಾಲ್ವ್ ಮುಚ್ಚಿಟ್ಟು, ಆ ದಿನದ ಅಡುಗೆ ಮನೆಯೊಳಗಿನ ಒಲೆಯಲ್ಲೇ ಮಾಡಿಕೊಳ್ಳಿ. ಟ್ಯಾಂಕ್ ಬದಲಿಸಿದಾಗಲೆಲ್ಲ, ಚಳಿಗಾಲ ಕಳೆದು ಮೊದಲ ಸಲ ಹಚ್ಚುವಾಗ ಇದನ್ನು ತಪ್ಪಿಸಬೇಡಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಕೆಲಸ ಯಾವತ್ತೂ ಬೇಡ.

ಹಚ್ಚುವುದು

ಮೊದಲು ಮುಚ್ಚಳ ತೆರೆಯಿರಿ. ಉಳಿದೆಲ್ಲ ಆಮೇಲೆ. ಮುಚ್ಚಿದ ಗ್ರಿಲ್‌ನೊಳಗೆ ಗ್ಯಾಸ್ ತುಂಬಿಕೊಂಡಿರುವಾಗ ಕಿಡಿ ಬಿದ್ದರೆ ಭುಗ್ಗೆಂದು ಹೊಮ್ಮುವ ಉರಿ ನೇರ ಮುಖಕ್ಕೇ ಬರುತ್ತದೆ. ನಾಬ್‌ಗಳೆಲ್ಲ ಬಂದಾಗಿವೆಯೇ ನೋಡಿ, ಟ್ಯಾಂಕಿನ ವಾಲ್ವನ್ನು ನಿಧಾನವಾಗಿ ತೆರೆದು ಕೆಲವು ಕ್ಷಣ ಬಿಡಿ. ಕೈಪಿಡಿ ಹೇಳುವ ಮೊದಲ ಬರ್ನರ್ ಒಂದನ್ನೇ ಜೋರಿಗೆ ತಿರುಗಿಸಿ ಕಿಡಿಯ ಗುಂಡಿ ಒತ್ತಿ. ಐದು ಸೆಕೆಂಡಿನಲ್ಲಿ ಹತ್ತಿಕೊಳ್ಳದಿದ್ದರೆ ಬಂದ್ ಮಾಡಿ, ಮುಚ್ಚಳ ತೆರೆದೇ ಐದು ನಿಮಿಷ ಕಾಯಿರಿ. ಮನೆಯ ಒಲೆಯ ಮುಂದೆ ಟಿಕ್ ಟಿಕ್ ಎಂದು ಲೈಟರ್ ಒತ್ತುತ್ತಲೇ ಇರುತ್ತೇವಲ್ಲ, ಆ ಚಾಳಿಯನ್ನು ಇಲ್ಲಿ ಬಿಡಬೇಕು. ಕಿಡಿಯೇ ಬಾರದಿದ್ದರೆ, ಗುಂಡಿಯ ಹಿಂದೆ ಸಣ್ಣ ಬ್ಯಾಟರಿ ಇರುವ ಮಾದರಿಗಳಲ್ಲಿ ಅದು ತೀರಿರುವುದೇ ಹೆಚ್ಚು.

ಉರಿ ನೀಲಿಯಿರಬೇಕು, ತುದಿಯಲ್ಲಿ ಚೂರು ಹಳದಿ ಇದ್ದರೆ ಚಿಂತೆಯಿಲ್ಲ. ಪೂರ್ತಿ ಹಳದಿಯಾಗಿ ಹೊಗೆಯಾಡಿದರೆ ಬರ್ನರಿಗೆ ಗಾಳಿ ಸಾಲದು. ಇದರ ಹಿಂದೆ ಹೆಚ್ಚಾಗಿ ಜೇಡ ಇರುತ್ತದೆ: ಬಳಸದೆ ಬಿಟ್ಟ ಗ್ರಿಲ್‌ನ ಬರ್ನರ್ ಕೊಳವೆಯೊಳಗೆ ಬಲೆ ಕಟ್ಟುತ್ತದೆ. ಹೀಗೆ ಕಟ್ಟಿಕೊಂಡಾಗ ಗ್ಯಾಸ್ ಹಿಂದಕ್ಕೆ ತಿರುಗಿ ನಾಬ್‌ಗಳ ಹತ್ತಿರವೇ ಉರಿಯುವುದೂ ಉಂಟು. ವರ್ಷಕ್ಕೊಮ್ಮೆ ಬರ್ನರ್ ಬಿಚ್ಚಿ ಕೊಳವೆಗೆ ಉದ್ದನೆಯ ಬ್ರಶ್ ಹಾಯಿಸಿ.

ಟ್ಯಾಂಕ್ ತುಂಬಿದೆ, ಆದರೂ ಗ್ರಿಲ್ 300 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿಲ್ಲ ಎಂಬ ದೂರು ಸಾಮಾನ್ಯ. ರೆಗ್ಯುಲೇಟರ್ ಕೆಟ್ಟಿತೆಂದು ಹೊಸದಕ್ಕೆ ಹಣ ಸುರಿಯುವ ಮೊದಲು ಒಂದು ಪ್ರಯೋಗ ಮಾಡಿ. ವಾಲ್ವನ್ನು ಸರಕ್ಕನೆ ತೆರೆದರೆ, ಅಥವಾ ನಾಬ್ ತೆರೆದಿರುವಾಗಲೇ ವಾಲ್ವ್ ತಿರುಗಿಸಿದರೆ, ಒಳಗಿನ ಸುರಕ್ಷತಾ ಏರ್ಪಾಡು ‘ಪೈಪು ತುಂಡಾಗಿದೆ’ ಎಂದು ಭಾವಿಸಿ ಗ್ಯಾಸನ್ನು ಹನಿಗೆ ಇಳಿಸುತ್ತದೆ. ವಾಲ್ವ್ ಮತ್ತು ನಾಬ್‌ಗಳನ್ನು ಮುಚ್ಚಿ, ಪೈಪು ಬಿಚ್ಚಿ. ಮುಚ್ಚಳ ತೆರೆದು, ನಾಬ್‌ಗಳನ್ನು ಒಂದು ನಿಮಿಷ ತೆರೆದಿಟ್ಟು ಮತ್ತೆ ಮುಚ್ಚಿ. ಪೈಪು ಮರಳಿ ಜೋಡಿಸಿ, ಸೋಪುನೀರು ಸವರುತ್ತ ವಾಲ್ವನ್ನು ಮೆಲ್ಲಗೆ ತೆರೆಯಿರಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಬೇಯಿಸುವುದು

ಹತ್ತಿಕೊಂಡ ಮೇಲೆ ಮುಚ್ಚಳ ಹಾಕಿ, ಎಲ್ಲ ಬರ್ನರ್ ಜೋರಾಗಿಟ್ಟು 10ರಿಂದ 15 ನಿಮಿಷ ಕಾಯಿಸಿ. ಕಂಬಿ ಕಾಯದಿದ್ದರೆ ಮಾಂಸವಿರಲಿ ಪನೀರ್ ಇರಲಿ ಅಂಟಿಕೊಂಡು ಕಿತ್ತುಬರುತ್ತದೆ. ಕಾದ ಕಂಬಿಯನ್ನು ಆಗಲೇ ಉಜ್ಜಿ. ತಂತಿ ಬ್ರಶ್ ಮಾತ್ರ ಬೇಡ, ಉದುರಿದ ತಂತಿ ಊಟದೊಳಗೆ ಸೇರಿ ಗಂಟಲಿಗೋ ಕರುಳಿಗೋ ಚುಚ್ಚಿಕೊಂಡ ಪ್ರಕರಣಗಳಿವೆ. ಮುದ್ದೆ ಮಾಡಿದ ಅಲ್ಯೂಮಿನಿಯಂ ಹಾಳೆಯನ್ನು ಇಕ್ಕಳದಲ್ಲಿ ಹಿಡಿದು ಉಜ್ಜಿದರೆ ಸಾಕು. ಎಣ್ಣೆಯನ್ನು ಬೇಯಿಸುವ ಪದಾರ್ಥಕ್ಕೆ ಸವರಿ. ಸ್ಪ್ರೇ ಡಬ್ಬಿಯನ್ನು ಉರಿಯ ಹತ್ತಿರವೂ ತರಬೇಡಿ.

ಗ್ರಿಲ್ ಅಡುಗೆಯ ಗುಟ್ಟೇನಾದರೂ ಇದ್ದರೆ ಅದು ಒಂದು ಬದಿಯ ಬರ್ನರನ್ನು ಆರಿಸಿಡುವುದರಲ್ಲಿದೆ. ಮೂರರಲ್ಲಿ ಎರಡು ಉರಿಯಲಿ, ಒಂದು ಆರಿರಲಿ. ಉರಿಯಿರುವ ಕಡೆ ಸುಡುವುದು, ಇಲ್ಲದ ಕಡೆ ಮುಚ್ಚಳದೊಳಗಿನ ಬಿಸಿಗಾಳಿಯಲ್ಲಿ ಬೇಯಿಸುವುದು. ಮೊಸರು, ಮೆಣಸಿನಪುಡಿ, ಶುಂಠಿ ಬೆಳ್ಳುಳ್ಳಿಯಲ್ಲಿ ನೆನೆಸಿದ ಕೋಳಿಕಾಲನ್ನು ನೇರ ಉರಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಮಸಾಲೆ ಸೀದು ಹೊರಗೆ ಕರ್ರಗೆ, ಮೂಳೆಯ ಹತ್ತಿರ ಹಸಿಹಸಿ. ಹೆಚ್ಚಿನ ಮಸಾಲೆ ಜಾಡಿಸಿ, ಉರಿಯಿಲ್ಲದ ಕಡೆ 375ರಿಂದ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮುಚ್ಚಳ ಹಾಕಿ 35ರಿಂದ 45 ನಿಮಿಷ ಬಿಡಿ. ಕೊನೆಯಲ್ಲಿ ಉರಿಯ ಮೇಲೆ ಮಗುಚುತ್ತ ಎರಡು ಮೂರು ನಿಮಿಷ. ಮುಚ್ಚಳದ ಮೇಲಿನ ಮುಳ್ಳು ತೋರುವುದು ಮೇಲಿನ ಗಾಳಿಯ ಬಿಸಿಯನ್ನಷ್ಟೇ. ಬೆಂದದ್ದು ತಿಳಿಯಬೇಕಾದರೆ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಬೇಕು. ಕೋಳಿಗೆ ಕನಿಷ್ಠ 165 ಡಿಗ್ರಿ, ಅಂದರೆ 74 ಸೆಲ್ಸಿಯಸ್; ಕಾಲಿನ ಭಾಗ 175 ದಾಟಿದರೇ ಮೆತ್ತಗಾಗುವುದು. ಕುರಿಯ ಖೀಮಾ ಕಬಾಬಿಗೆ 160. ಹಸಿಮಾಂಸ ನೆನೆದ ಮಸಾಲೆಯನ್ನು ಬೆಂದದ್ದರ ಮೇಲೆ ಸವರಬೇಡಿ.

ಸಸ್ಯಾಹಾರಿ ನೆಂಟರಿದ್ದರೆ ಅವರ ಸರದಿಯೇ ಮೊದಲು, ಉಜ್ಜಿದ ಕಂಬಿಯ ಮೇಲೆ, ಬೇರೆ ಇಕ್ಕಳದಿಂದ. ಪನೀರನ್ನು ಒಂದೂವರೆ ಇಂಚಿನ ತುಂಡು ಮಾಡಿ ಜೋರು ಉರಿಯಲ್ಲಿ ಬದಿಗೆ ಎರಡು ನಿಮಿಷ ಸುಟ್ಟರೆ ಸಾಕು, ಹೆಚ್ಚಾದರೆ ರಬ್ಬರ್. ಬಿದಿರು ಕಡ್ಡಿಗಳು ಅರ್ಧ ಗಂಟೆ ನೀರಲ್ಲಿ ನೆನೆದಿರಲಿ. ಮುಸುಕಿನ ಜೋಳಕ್ಕೆ ಹದ ಉರಿಯಲ್ಲಿ ತಿರುಗಿಸುತ್ತ 10ರಿಂದ 12 ನಿಮಿಷ, ಆಮೇಲೆ ಉಪ್ಪು, ಖಾರದಪುಡಿ, ನಿಂಬೆ. ಗುಂಡು ಬದನೆಕಾಯಿಗೆ ಫೋರ್ಕಿನಿಂದ ನಾಲ್ಕಾರು ಕಡೆ ಚುಚ್ಚಿ, ಇಲ್ಲದಿದ್ದರೆ ಆವಿ ಕಟ್ಟಿ ಸಿಡಿಯುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಸಿಪ್ಪೆ ಕರಕಲಾಗಿ ಒಳಗೆ ಕುಸಿದಾಗ ಗೊಜ್ಜಿಗೆ ಸಿದ್ಧ. ಎಲೆಕ್ಟ್ರಿಕ್ ಒಲೆಯ ಮನೆಗಳಲ್ಲಿ ಸುಟ್ಟ ಬದನೆಕಾಯಿ ಗೊಜ್ಜಿಗಾಗಿಯೇ ಗ್ರಿಲ್ ಕೊಂಡರೂ ತಪ್ಪಿಲ್ಲ.

ಬೆಂಕಿ ಹತ್ತಿದರೆ

ಕೊಬ್ಬು ತೊಟ್ಟಿಕ್ಕಿ ಉರಿ ಮೇಲೆದ್ದರೆ ಗಾಬರಿ ಬೇಡ. ತುಂಡುಗಳನ್ನು ಆರಿದ ಕಡೆಗೆ ಸರಿಸಿ, ಬರ್ನರ್ ಇಳಿಸಿ, ತಾನೇ ತಣಿಯುತ್ತದೆ. ತಳದ ಜಿಡ್ಡಿಗೇ ಬೆಂಕಿ ಬಿದ್ದರೆ ನಾಬ್‌ಗಳನ್ನು ಬಂದ್ ಮಾಡಿ, ಮುಚ್ಚಳ ಹಾಕಿ, ಕೈಗೆ ಸುರಕ್ಷಿತವಾಗಿ ಎಟುಕಿದರೆ ಟ್ಯಾಂಕಿನ ವಾಲ್ವನ್ನೂ ಮುಚ್ಚಿ. ನೀರು ಹಾಕಲೇಬೇಡಿ, ಉರಿಯುವ ಜಿಡ್ಡು ಸಿಡಿದು ಹರಡುತ್ತದೆ. ಪೈಪಿಗೋ ಟ್ಯಾಂಕಿಗೋ ಉರಿ ತಾಗಿದ್ದರೆ ಏನನ್ನೂ ಮುಟ್ಟದೆ ಎಲ್ಲರನ್ನೂ ದೂರ ಕರೆದೊಯ್ದು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ಇದನ್ನು ತಪ್ಪಿಸುವ ಉಪಾಯ ಸರಳ, ಬೇಸರದ್ದು: ಗ್ರಿಲ್ ತಣ್ಣಗಾದ ಮೇಲೆ ಪ್ರತಿ ಸಲ ಜಿಡ್ಡಿನ ತಟ್ಟೆ ಖಾಲಿ ಮಾಡಿ. ತೊಳೆಯುವ ಕೆಲಸ ತಪ್ಪಲೆಂದು ತಳಕ್ಕೆಲ್ಲ ಅಲ್ಯೂಮಿನಿಯಂ ಹಾಳೆ ಹಾಸಿದರೆ ಗಾಳಿಯ ದಾರಿ ಮುಚ್ಚಿ, ಜಿಡ್ಡು ಮಡಿಕೆಗಳಲ್ಲಿ ನಿಂತು, ಹಾಸಿದ್ದೇ ಬೆಂಕಿಗೆ ಕಾರಣವಾಗುತ್ತದೆ. ಆರಿಸುವಾಗ ಮೊದಲು ನಾಬ್‌ಗಳು, ಆಮೇಲೆ ಟ್ಯಾಂಕ್. ಒಲೆಯಂತೆ ನಾಬ್ ತಿರುಗಿಸಿ ಒಳಗೆ ನಡೆಯಬೇಡಿ.

ಊರಿಗೆ ಮರಳುವವರು ಇದನ್ನು ಕಂಟೇನರಿನಲ್ಲಿ ತರಬೇಕೇ? ಬೇಡ. ನಮ್ಮ 14.2 ಕೆಜಿ ಸಿಲಿಂಡರಿನ ವಾಲ್ವ್‌ಗೆ ಅಲ್ಲಿನ ಪೈಪು ಕೂರುವುದಿಲ್ಲ. ಅಲ್ಲಿನ ಜೆಟ್‌ಗಳು, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ರಂಧ್ರಗಳು, ಪ್ರೊಪೇನಿಗೆ ಅಳೆದು ಕೊರೆದವು, ಇಲ್ಲಿನ ಸಿಲಿಂಡರಿನಲ್ಲಿ ಬ್ಯೂಟೇನ್ ಬೆರೆತಿರುತ್ತದೆ. ಯಾವುದೋ ಅಡಾಪ್ಟರ್ ಸಿಕ್ಕಿಸಿ ಕ್ಲಿಪ್ ಬಿಗಿದು ಉರಿಸುವುದಕ್ಕಿಂತ ಅಲ್ಲೇ ಮಾರಿ ಬನ್ನಿ.