ದರ್ಪಣ ಸುಂದರಿಯ ಮುಖ ಕಾಣಲೇ ಇಲ್ಲ

ಕಳೆದ ನವೆಂಬರ್‌ನಲ್ಲಿ ನಮ್ಮ ಶಾಲೆಯ ಗೋಡೆಗೆ ಹೊಯ್ಸಳ ದೇವಾಲಯಗಳ ಚಿತ್ರ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಮ್ಮ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಅರ್ಧ ಜನ ಅವನ್ನು ನೋಡೇ ಇಲ್ಲ. ನಲವತ್ತು ಚಿತ್ರ, ಎ4 ಹಾಳೆ, ಬಣ್ಣದ ಪ್ರಿಂಟ್. ಒಂದು ಸಂಜೆಯ ಕೆಲಸ ಅಂದುಕೊಂಡೆ.

ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳುವುದು ನನಗೆ ಇಷ್ಟವಿರಲಿಲ್ಲ. ಯಾರ ಫೋಟೊ, ಬಳಸಬಹುದೋ ಇಲ್ಲವೋ ಗೊತ್ತಾಗುವುದಿಲ್ಲ. ಹಾಗಾಗಿ ವಿಕಿಮೀಡಿಯ ಕಾಮನ್ಸ್‌ಗೆ ಹೋದೆ. ಎಲ್ಲರೂ ಬಳಸಬಹುದಾದ ಚಿತ್ರಗಳ ಸಂಗ್ರಹ ಅದು. ಅಲ್ಲಿ ಒಂದು ವಿಷಯದ ಪುಟ ತೆರೆದರೆ ಒಂದು ಸಲಕ್ಕೆ 200 ಚಿತ್ರದವರೆಗೆ ಸಾಲಾಗಿ ಕಾಣುತ್ತವೆ. ಒಂದೊಂದನ್ನೇ ತೆರೆದು, ರೈಟ್ ಕ್ಲಿಕ್ ಮಾಡಿ, ಸೇವ್ ಮಾಡುತ್ತಾ ಕೂತರೆ ಬೆಳಗಾಗುತ್ತೆ. ಪುಟದಲ್ಲಿರುವ ಚಿತ್ರಗಳನ್ನೆಲ್ಲ ಒಟ್ಟಿಗೆ ಇಳಿಸುವ ಎಕ್ಸ್‌ಟೆನ್ಷನ್ ಒಂದನ್ನು, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶವನ್ನು, ಕ್ರೋಮ್‌ಗೆ ಹಾಕಿಕೊಂಡೆ.

ಹಾಕುವಾಗ ಅದು ಕೇಳಿದ ಅನುಮತಿ ನೋಡಿ ಸ್ವಲ್ಪ ಹಿಂಜರಿದೆ. ಎಲ್ಲ ಸೈಟುಗಳಲ್ಲಿ ನನ್ನ ಮಾಹಿತಿ ಓದುವ, ಬದಲಿಸುವ ಹಕ್ಕು ಬೇಕಂತೆ. ಅದೇ ಲ್ಯಾಪ್‌ಟಾಪ್‌ನಲ್ಲಿ ನಾನು ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತೇನೆ. ಸೆಟ್ಟಿಂಗ್ಸ್‌ಗೆ ಹೋಗಿ, ನಾನು ಒತ್ತಿದಾಗ ಮಾತ್ರ ಕೆಲಸ ಮಾಡುವ ಹಾಗೆ ಬದಲಿಸಿದೆ. ಪ್ರತಿ ಫೈಲ್‌ಗೂ ಎಲ್ಲಿ ಉಳಿಸಲಿ ಅಂತ ಕ್ರೋಮ್ ಕೇಳುವುದನ್ನೂ ನಿಲ್ಲಿಸಿದೆ. ಇಲ್ಲದಿದ್ದರೆ ನಲವತ್ತು ಸಲ ಕಿಟಕಿ ತೆರೆದುಕೊಳ್ಳುತ್ತೆ.

ಬೇಲೂರಿನ ಪುಟ ತೆರೆದು ಎಕ್ಸ್‌ಟೆನ್ಷನ್ ಒತ್ತಿದೆ. ಲೋಗೊ, ಬಾಣದ ಗುರುತು ಇಂಥ ಚಿಲ್ಲರೆ ಬೇಡವೆಂದು ಅಗಲ 500 ಪಿಕ್ಸೆಲ್‌ಗಿಂತ ಜಾಸ್ತಿ ಇರುವುದನ್ನು ಮಾತ್ರ ತೋರಿಸು ಎಂದೆ. ಒಂದೂ ಬರಲಿಲ್ಲ. ಎಕ್ಸ್‌ಟೆನ್ಷನ್ನೇ ಸರಿಯಿಲ್ಲ ಅಂತ ಬೈದುಕೊಂಡು ಆ ಮಿತಿಯನ್ನು ತೆಗೆದುಹಾಕಿದೆ. ಈಗ ಚಿತ್ರಗಳು ದಬದಬ ಬಂದವು. ಬೇಕಾದವಕ್ಕೆ ಟಿಕ್ ಹಾಕಿದೆ, ಇಳಿಸಿದೆ. ಮೂರು ಊರಿನದೂ ಸೇರಿ ಹತ್ತು ನಿಮಿಷ. ನಾನು ಬಲು ಜಾಣೆ ಅಂದುಕೊಂಡೆ.

ಮರುದಿನ ಜೆರಾಕ್ಸ್ ಅಂಗಡಿಯಲ್ಲಿ ಮೊದಲ ಹಾಳೆ ಹೊರಬಂತು. ಬೇಲೂರಿನ ದರ್ಪಣ ಸುಂದರಿ. ಕನ್ನಡಿ ಎಲ್ಲಿ, ಕೈ ಎಲ್ಲಿ ಒಂದೂ ಗೊತ್ತಾಗುತ್ತಿಲ್ಲ. ಮುಖವಿರಬೇಕಾದ ಕಡೆ ಸಾಸಿವೆ ಕಾಳಿನಷ್ಟು ದಪ್ಪದ ಬೂದು ಚೌಕಗಳು. "ಮೇಡಂ, ಫೋಟೊನೇ ಇಷ್ಟು ಇದೆ" ಎಂದ ಅಂಗಡಿಯ ಹುಡುಗ. ನೋಡಿದರೆ ಫೈಲ್ ಬರೀ 120 ಪಿಕ್ಸೆಲ್ ಅಗಲ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಅಷ್ಟಕ್ಕೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ ಒಂದೂಮುಕ್ಕಾಲು ಮಿಲಿಮೀಟರ್ ಆಗದೆ ಇನ್ನೇನಾದೀತು? ಹಿಂದಿನ ಸಂಜೆ ಒಂದೂ ತೋರಿಸದ ಎಕ್ಸ್‌ಟೆನ್ಷನ್ ನಿಜವನ್ನೇ ಹೇಳಿತ್ತು. ಆ ಪುಟದಲ್ಲಿದ್ದವೆಲ್ಲ ಚಿಕ್ಕ ನಮೂನೆಗಳು. ದೊಡ್ಡ ಚಿತ್ರ ಒಳಗಿನ ಪುಟದಲ್ಲಿರುತ್ತೆ.

ಎಕ್ಸ್‌ಟೆನ್ಷನ್‌ನಲ್ಲಿ ಇನ್ನೊಂದು ಆಯ್ಕೆಯಿತ್ತು: ಕೊಂಡಿಗಳಲ್ಲಿರುವ ಚಿತ್ರ ಮಾತ್ರ ಹಿಡಿ ಅಂತ. ಅದನ್ನೂ ಒತ್ತಿ ನೋಡಿದೆ. ಕಾಮನ್ಸ್‌ನಲ್ಲಿ ಕೊಂಡಿಯ ಕೊನೆಗೆ ಡಾಟ್ ಜೆಪಿಜಿ ಅಂತಲೇ ಇರುತ್ತೆ, ಆದರೆ ಅದು ಹೋಗುವುದು ಚಿತ್ರದ ವಿವರವಿರುವ ಪುಟಕ್ಕೆ. ಚಿತ್ರದ ಬದಲು ವೆಬ್ ಪುಟಗಳು ಬಂದು ಬಿದ್ದವು.

ಕೊನೆಗೆ ದಾರಿ ಸಿಕ್ಕಿದ್ದು ಚಿತ್ರದ ವಿಳಾಸವನ್ನು ಕಣ್ಣಿಟ್ಟು ಓದಿದಾಗ. ಅದರ ಕೊನೆಯ ಭಾಗದಲ್ಲಿ 120ಪಿಎಕ್ಸ್ (ಪಿಕ್ಸೆಲ್) ಅಂತ ಇತ್ತು, ಆಮೇಲೆ ಫೈಲಿನ ಹೆಸರು. ಸುಮ್ನೆ ಆ 120 ಅನ್ನು 1280 ಮಾಡಿ ಎಂಟರ್ ಒತ್ತಿದೆ. ಪರದೆ ತುಂಬ ದರ್ಪಣ ಸುಂದರಿ, ಕೈಯಲ್ಲಿ ಕನ್ನಡಿ!

ಆಮೇಲಿನದು ಸಲೀಸಾಯಿತು. ಟಿಕ್ ಹಾಕಿದ ಚಿತ್ರಗಳ ವಿಳಾಸಗಳನ್ನು ಎಕ್ಸೆಲ್‌ಗೆ ತಂದೆ. 120ಪಿಎಕ್ಸ್ ಇರುವಲ್ಲೆಲ್ಲ 1280ಪಿಎಕ್ಸ್ ಅಂತ ಒಂದೇ ಏಟಿಗೆ ಬದಲಿಸಿದೆ. ವಿಳಾಸಗಳ ಪಟ್ಟಿ ಕೊಟ್ಟರೆ ಸಾಲಾಗಿ ಇಳಿಸುವ ಇನ್ನೊಂದು ಎಕ್ಸ್‌ಟೆನ್ಷನ್‌ಗೆ ಹತ್ತತ್ತು ಮಾಡಿ ಕೊಟ್ಟೆ. ಒಂದೇ ಸಲ ರಾಶಿ ಬೇಡಿಕೆ ಹೋದರೆ ಆ ಕಡೆಯ ಸರ್ವರ್ ಬಾಗಿಲು ಹಾಕಿಬಿಡಬಹುದು. ಮೂರು ಚಿತ್ರ ಬರಲಿಲ್ಲ. ಅವುಗಳ ಮೂಲವೇ 1280ಕ್ಕಿಂತ ಚಿಕ್ಕದು. ಬೇರೆ ಮೂರು ಆರಿಸಿದೆ. ಕೆಲಸ ಮುಗಿದ ಮೇಲೆ ಎರಡೂ ಎಕ್ಸ್‌ಟೆನ್ಷನ್ ತೆಗೆದುಹಾಕಿದೆ.

ಇದು ಕಾಮನ್ಸ್‌ನ ಉಪಾಯ, ಎಲ್ಲ ಕಡೆ ನಡೆಯಲ್ಲ. ಎಷ್ಟೋ ಸೈಟುಗಳಲ್ಲಿ ಕೆಳಗೆ ಸರಿದಂತೆಲ್ಲ ಚಿತ್ರ ತೆರೆದುಕೊಳ್ಳುತ್ತೆ. ಅಲ್ಲಿ ಮೊದಲು ಪುಟದ ತಳದವರೆಗೆ ಹೋಗಿ ಬರಬೇಕು.

ಫೋಲ್ಡರ್‌ನಲ್ಲಿ ನಲವತ್ತು ಚಿತ್ರ ಇದ್ದವು, ತೆಗೆದವರ ಹೆಸರು ಒಂದರಲ್ಲೂ ಇಲ್ಲ. ಹೆಚ್ಚಿನವು ಸಿಸಿ ಬಿವೈ-ಎಸ್‌ಎ ಪರವಾನಗಿಯವು. ಬಳಸಿ, ಹೆಸರು ಹಾಕಿ ಅನ್ನುತ್ತೆ ಅದು. ಎಕ್ಸ್‌ಟೆನ್ಷನ್ ಹೆಸರನ್ನೇನೂ ತರುವುದಿಲ್ಲ ನೋಡಿ. ಮತ್ತೆ ನಲವತ್ತು ಪುಟ ತೆರೆದು, ಒಂದೊಂದೇ ಹೆಸರು ಬರೆದುಕೊಂಡು ಬಂದೆ. ಇಳಿಸಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದಕ್ಕೇ.

ಗೋಡೆಗೆ ಅಂಟಿಸಿದ ದಿನ ಒಬ್ಬ ಹುಡುಗಿ ಚಿತ್ರದ ಕೆಳಗೆ ಬೆರಳಿಟ್ಟು, "ಮಿಸ್, ಇದು ಶಿಲ್ಪಿ ಹೆಸರಾ?" ಎಂದಳು. ಅಲ್ಲಮ್ಮ, ಫೋಟೊ ತೆಗೆದವರದು ಅಂದೆ. ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನು ಕಲ್ಲಿನ ಮೇಲೇ ಕೆತ್ತಿಕೊಂಡಿದ್ದಾನೆ ಅಂತಲೂ ಹೇಳಿದೆ. "ಎಲ್ಲಿ, ತೋರಿಸಿ ಮಿಸ್" ಅಂದಳು. ನನ್ನ ನಲವತ್ತರಲ್ಲಿ ಅದೊಂದು ಇರಲಿಲ್ಲ.