ಕತ್ತರಿಸಿದ ಸ್ಟ್ರಿಪ್‌ಗೆ ನಮ್ಮ ಕಪಾಟಿನಲ್ಲಿ ಜಾಗವಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಾನು ನರ್ಸ್. ಔಷಧದ ಕಪಾಟಿನ ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಹೊಸದಾಗಿ ಸೇರುವವರ ಜೊತೆ ತಪ್ಪದೆ ಒಂದು ಪ್ಲಾಸ್ಟಿಕ್ ಚೀಲ ಬರುತ್ತದೆ. ಮಂಗಳೂರಿನ ತಜ್ಞರು ಬರೆದದ್ದು, ಊರಿನ ಡಾಕ್ಟರು ಬದಲಿಸಿದ್ದು, ಎಂದೋ ಉಳಿದದ್ದು ಎಲ್ಲವೂ ಅದರಲ್ಲಿ. ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಇತ್ತೀಚಿನ ಚೀಟಿಯೊಂದಿಗೆ ತಾಳೆ ನೋಡಿದ ಮೇಲೆಯೇ ಯಾವುದಾದರೂ ಒಳಗೆ ಹೋಗುವುದು. ರಕ್ತದೊತ್ತಡ ಇಳಿಸುವ ಒಂದೇ ಆಮ್ಲೋಡಿಪಿನ್ ಮಾತ್ರೆ ಎರಡು ಕಂಪೆನಿಗಳ ಹೆಸರಿನಲ್ಲಿ ಸಿಕ್ಕಿಬಿಡುತ್ತದೆ. ಎರಡನ್ನೂ ನುಂಗಿಸಿದರೆ ರಕ್ತದೊತ್ತಡ ಇಳಿದು ಅಜ್ಜಿ ಬಚ್ಚಲಿನಲ್ಲಿ ಬೀಳುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಕತ್ತರಿಸಿದ ಸ್ಟ್ರಿಪ್ ವಿಷಯದಲ್ಲಿ ನಾನು ಹಟಮಾರಿ. ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ತುದಿ ಹೋದರೆ ಉಳಿದ ಮಾತ್ರೆಗೆ ಹೆಸರೂ ಇಲ್ಲ, ಆಯುಷ್ಯವೂ ಇಲ್ಲ. ಸಂಧಿವಾತದವರಿಗೆ ಕೊಡುವ ಮೆಥೊಟ್ರೆಕ್ಸೇಟ್, ಅದರ ಜೊತೆಗಿನ ಫೋಲಿಕ್ ಆ್ಯಸಿಡ್, ಎರಡೂ ಚಿಕ್ಕ ಹಳದಿ ಮಾತ್ರೆಗಳಾಗಿರುವುದುಂಟು. ಮೊದಲನೆಯದು ವಾರಕ್ಕೊಮ್ಮೆ ಮಾತ್ರ. ದಿನವೂ ಕೊಟ್ಟರೆ ಮೂಳೆಮಜ್ಜೆ ಸೊರಗಿ ಜೀವಕ್ಕೇ ಕುತ್ತು. ಅದಕ್ಕಾಗಿ ಪ್ರತ್ಯೇಕ ಡಬ್ಬಿ ಇಟ್ಟು, ಮೇಲೆ ಕೊಡುವ ದಿನದ ಹೆಸರನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಸಿದ್ದೇನೆ. ರಾತ್ರಿ ಪಾಳಿಯ ಸಹಾಯಕಿಯರು ಓದುವುದು ಮಲಯಾಳ, ತಮ್ಮ ಮಾತ್ರೆ ತಾವೇ ನೋಡಬೇಕೆನ್ನುವ ಮೇಷ್ಟರುಗಳು ಓದುವುದು ಕನ್ನಡ.

ಆಟಿ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಥೈರಾಯ್ಡ್ ತೊಂದರೆಗೆ ಕೊಡುವ ಥೈರಾಕ್ಸಿನ್‌ನಂಥ ಮಾತ್ರೆಗಳು ತೇವಕ್ಕೆ, ಬೆಳಕಿಗೆ ಕೆಡುವುದರಿಂದ ಬಂದ ಬಾಟಲಿಯಲ್ಲೇ ಇಡುತ್ತೇವೆ. ಕಪಾಟು ಅಡುಗೆಮನೆಯ ಗೋಡೆಗೂ ಹೊರಗಿನ ಗೋಡೆಗೂ ತಾಗದಂತೆ ನಿಂತಿದೆ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಅದನ್ನು ಫ್ರಿಜ್‌ನ ನಡುವಿನ ತಟ್ಟೆಯಲ್ಲಿಡುತ್ತೇವೆ. ಬಾಗಿಲಿನಲ್ಲೂ ಅಲ್ಲ, ಐಸ್ ಪೆಟ್ಟಿಗೆಯ ಪಕ್ಕದಲ್ಲೂ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಎಸೆಯಬೇಕಾದದ್ದೇ. ಕರೆಂಟು ಹೋದ ರಾತ್ರಿ ಉಷ್ಣತೆ ಎಷ್ಟಕ್ಕೆ ಏರಿತ್ತೆಂದು ಒಳಗಿನ ಥರ್ಮಾಮೀಟರ್ ಬೆಳಿಗ್ಗೆ ತೋರಿಸುತ್ತದೆ. ಬಳಕೆಗೆ ತೆಗೆದ ಇನ್ಸುಲಿನ್ ಬಾಟಲಿಯ ಮೇಲೆ ಆ ದಿನದ ತಾರೀಕು ಬರೆಯುತ್ತೇವೆ. ನಾವು ಬಳಸುವಂಥವನ್ನು 28 ದಿನ ಕಳೆದರೆ ಇಡುವಂತಿಲ್ಲ. ಆ ಫ್ರಿಜ್‌ನಲ್ಲಿ ಮೀನಿನ ಪೊಟ್ಟಣ ಇಡಲು ಬಿಡದ್ದಕ್ಕೆ ಅಡುಗೆಯವರಿಗೆ ನನ್ನ ಮೇಲೆ ಇನ್ನೂ ಮುನಿಸು.

ನುಂಗಲು ಕಷ್ಟವಾದವರಿಗೆ ಮಾತ್ರೆಯನ್ನು ಪುಡಿಮಾಡಿ ಗಂಜಿಗೆ ಬೆರೆಸುವ ರೂಢಿ ಎಲ್ಲ ಕಡೆಯೂ ಇದೆ. ಹೆಸರಿನ ಕೊನೆಗೆ ಎಸ್‌ಆರ್ ಅಥವಾ ಎಕ್ಸ್‌ಆರ್ ಇದ್ದರೆ ಕುಟ್ಟುವಂತಿಲ್ಲ. ಕುಟ್ಟಿದರೆ, ಇಡೀ ದಿನ ನಿಧಾನವಾಗಿ ಇಳಿಯಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಅಂಥವುಗಳ ಪಟ್ಟಿಯನ್ನು ಕುಟ್ಟಾಣಿ ಇಡುವಲ್ಲಿ ಅಂಟಿಸಿದ್ದೇನೆ. ಬದಲಿ ದ್ರವೌಷಧ ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳುವ ಕೆಲಸ ನನ್ನದು.